ಮಗ್ಗದ ಮನೆಯ ಗೂಡ್ಸ್ ಯಾರ್ಡು

ಒಂದು ಇಡೀ ರೈಲ್ವೆ ಗೂಡ್ಸ್ ಯಾರ್ಡನ್ನ ಒಬ್ಬನೇ, ಕೈಯಾರೆ ಮಾಡಿದವನು ನಾನು. ಗೂಡ್ಸ್ ಶೆಡ್ಡು, ಕಲ್ಲಿದ್ದಲು ರಾಶಿ, ಬೂದಿ ಗುಡ್ಡೆ, ಇಂಜಿನ್ನಿಗೆ ನೀರು ಕುಡಿಸೋ ಕಂಬ, ಎಣ್ಣೆ ಕುಡಿದು ಕಪ್ಪಾದ ನೆಲ, ಎಲ್ಲವೂ. ದೊಡ್ಡಬಳ್ಳಾಪುರದಲ್ಲಿ ಅದನ್ನ ಕಣ್ಣಾರೆ ಕಂಡವರು ಒಬ್ಬೊಬ್ಬರಾಗಿ ಹೊರಟುಹೋದರು. ಈಗ ಸಾಕ್ಷಿ ಹೇಳೋಕೆ ಉಳಿದಿರೋನು ನಾನೊಬ್ಬನೇ. ಆದ್ದರಿಂದ ನಾನು ಹೇಳಿದ್ದೇ ಸತ್ಯ.

ಸಂತೆಗೆ ಹೋದವರಿಗೆ ಸೊಪ್ಪು ಸಿಗುತ್ತೆ, ಕೆರೆಗೆ ಹೋದವರಿಗೆ ಮೀನು ಸಿಗುತ್ತೆ. ನಾನು ಎಲ್ಲಿಗೆ ಹೋದರೂ ಸಿಗೋದು ಮಾತ್ರ ಇಂಥವೇ. ಸುಣ್ಣ ಬಳಿಯೋಕೆ ಹೋದ ಮನೆಯಲ್ಲಿ ರೈಲ್ವೆ ಸಿಕ್ಕಿತು ಅಂದರೆ ಯಾರು ನಂಬ್ತಾರೆ. ನಾನು ಶಾಲೆ ಮೆಟ್ಟಿಲು ಹತ್ತಿದವನಲ್ಲ. ನಾನು ಹೇಳ್ತಾ ಹೋಗ್ತೀನಿ, ಪಕ್ಕದ ಮನೆಯ ರಿಟೈರಾದ ಮೇಷ್ಟ್ರು ಬರ್ಕೊಳ್ತಾರೆ. ಅಲ್ಲಲ್ಲಿ ಭಾಷೆ ನೆಟ್ಟಗಿದ್ದರೆ ಅದು ಅವರದು. ಮಿಕ್ಕಿದ್ದೆಲ್ಲ ನಂದು.

ಪಂಚೆ ನೋಡಿ ಕೊಟ್ಟ ಕೆಲಸ

ಅರವತ್ತೆಂಟೋ ಅರವತ್ತೊಂಬತ್ತೋ ಇರಬೇಕು. ಸಾಸಲು ಕಡೆಯ ನಮ್ಮ ಹಳ್ಳಿಯಿಂದ ದೊಡ್ಡಬಳ್ಳಾಪುರಕ್ಕೆ ಬಂದು ಮನೆ ಮನೆಗೆ ಸುಣ್ಣ ಬಳಿಯುತ್ತಿದ್ದೆ. ನನ್ನ ಕುಂಚ ಆಡಿದ ಮನೆಯಲ್ಲಿ ಹುಣ್ಣಿಮೆ ದಿನ ದೀಪ ಹಚ್ಚಬೇಕಾಗಿರಲಿಲ್ಲ, ಅದು ಬೇರೆ ಮಾತು.

ಆಗ ಊರಿಗೆ ಒಬ್ಬರು ರಿಟೈರಾದ ಲೋಕೋ ಫೋರ್ಮನ್ ಬಂದು ನೆಲೆಸಿದರು. ಉಗಿ ಇಂಜಿನ್ನುಗಳನ್ನ ತೊಳೆದು, ರಿಪೇರಿ ಮಾಡಿ ಕಳಿಸೋ ಶೆಡ್ಡಿಗೆ ಯಜಮಾನರಾಗಿದ್ದವರು. ಅವರು ಕೊಂಡದ್ದು ನೇಕಾರರ ಹಳೇ ಮನೆ. ಮಗ್ಗ ಹೋಗಿತ್ತು, ಮಗ್ಗದ ಗುಂಡಿ ಉಳಿದಿತ್ತು. ನೇಯೋರು ಕಾಲು ಇಳಿಬಿಟ್ಟು ಕೂರೋ ಗುಂಡಿ ಅದು. ಯಾರಾದರೂ ಅದನ್ನ ಮುಚ್ಚಿಸ್ತಾರೆ. ಇವರು ಅದರ ಸುತ್ತ ಮೊಣಕಾಲೆತ್ತರಕ್ಕೆ ಹಲಗೆ ಹಾಕಿಸಿ, ಹಲಗೆ ಮೇಲೆ ಆಟದ ರೈಲಿನ ಹಳಿ ಜೋಡಿಸಿ, ತಾವು ಗುಂಡಿಯೊಳಗೆ ನಿಂತ್ಕೊಂಡರು. ಕೀ ಕೊಟ್ಟರೆ ಪುಟ್ಟ ಇಂಜಿನ್ನು ಅವರ ಎದೆ ಮಟ್ಟದಲ್ಲಿ ಸುತ್ತಲೂ ಓಡೋದು. ಯಾವನೋ ಬಿಳೀ ದೊರೆ ತನ್ನ ದೇಶಕ್ಕೆ ವಾಪಸು ಹೋಗುವಾಗ ಪ್ರೀತಿಯಿಂದ ಕೊಟ್ಟು ಹೋದ ರೈಲಂತೆ.

ನಾನು ಆ ಕೋಣೆಗೆ ಸುಣ್ಣ ಬಳಿಯೋಕೆ ಏಣಿ ಹತ್ತಿದ್ದೆ. ಕೆಳಗೆ ಗುಂಡಿಯೊಳಗಿಂದ ಫೋರ್ಮನ್ನರು ನನ್ನನ್ನೇ ನೋಡ್ತಾ ನಿಂತಿದ್ದರು.

"ಏನಯ್ಯಾ, ಇಳಿ ಕೆಳಗೆ. ಆ ಪಂಚೆ ಬಿಚ್ಚು."

"ಒಗೆದದ್ದೇ ಸ್ವಾಮಿ," ಅಂದೆ.

"ಒಗೆದದ್ದಾ ಅಂತ ಯಾರು ಕೇಳಿದ್ರು. ಬಿಚ್ಚು ಅಂದೆ."

ಟವಲು ಸುತ್ಕೊಂಡು ಬಿಚ್ಚಿ ಕೊಟ್ಟೆ. ಅವರು ಅದನ್ನ ಹಲಗೆ ಮೇಲೆ ಹರಡಿ, ಕನ್ನಡಕ ಏರಿಸಿ, ಒಂದೊಂದು ಕಲೆಗೂ ಬೆರಳಿಟ್ಟು ನೋಡಿದರು. "ಜೀವಮಾನವೆಲ್ಲ ನಾನು ನೋಡಿದ ಯಾರ್ಡು ಇದೇ ಕಣಯ್ಯ. ಇಲ್ನೋಡು, ಇದು ಇಂಜಿನ್ ನಿಂತು ಎಣ್ಣೆ ತೊಟ್ಟಿಕ್ಕಿದ ಜಾಗ. ಇದು ಬೂದಿ ಎಳೆದು ಹಾಕಿದ ಜಾಗ. ಇದು ಸುಣ್ಣದ ಮೂಟೆ ಒಡೆದು ಚೆಲ್ಲಿದ್ದು. ಈ ಮೂಲೇಲಿ ಕೂಲಿಗಳು ಎಲೆ ಅಡಿಕೆ ಉಗಿದವ್ರೆ."

"ಅದು ನಾನೇ ಸ್ವಾಮಿ."

"ಬರೀ ಹಲಗೆ ಮೇಲೆ ಗಾಡಿ ಓಡಿಸಿದ್ರೆ ಊಟದ ಮಣೆ ಮೇಲೆ ಓಡಿಸಿದಂಗಿರುತ್ತೆ. ನನಗೆ ಈ ನೆಲ ಬೇಕು. ಅಚ್ಚುಕಟ್ಟಾಗಿ ಕೊಳೆಯಾಗಿರ್ಬೇಕು. ಮಾಡ್ತೀಯಾ?"

"ಹುಟ್ಟಿದಾಗಿನಿಂದ ಅದನ್ನೇ ಮಾಡ್ಕೊಂಡು ಬಂದಿದ್ದೀನಿ ಸ್ವಾಮಿ," ಅಂದೆ.

ಅಲ್ಲಿಗೆ ಕೆಲಸ ಸಿಕ್ಕಿತು. ಆದರೆ ಪಂಚೆ ಸಿಗಲಿಲ್ಲ. ಅದನ್ನ ಅವರು ಯಾರ್ಡಿನ ನಕ್ಷೆ ಅಂತ ಗೋಡೆಗೆ ಮೊಳೆ ಹೊಡೆದು ಇಟ್ಕೊಂಡರು. ನಾನು ಟವಲಿನಲ್ಲೇ ಪೇಟೆ ಬೀದಿ ದಾಟಿದೆ. ಗುರುತಿನವನೊಬ್ಬ ತಡೆದು, "ಲೇ, ಪಂಚೆ ಎಲ್ಲೋ?" ಅಂದ.

"ರೈಲ್ವೆಯವರು ಇಟ್ಕೊಂಡ್ರು ಕಣೋ," ಅಂದೆ. ಅವನು ಇಡೀ ತಿಂಗಳು ಟಿಕೆಟ್ ಇಲ್ಲದೆ ರೈಲು ಹತ್ತಲಿಲ್ಲವಂತೆ.

ನನ್ನ ಸೋದರಮಾವನ ಸತ್ಯ

ಈ ಕೆಲಸಕ್ಕೆ ನಾನು ಅಷ್ಟು ಸುಲಭಕ್ಕೆ ಒಪ್ಪಿದ್ದಕ್ಕೆ ಬೇರೆ ಕಾರಣ ಇತ್ತು. ಮಾಕಳಿದುರ್ಗದ ಕಡೆ ಒಬ್ಬ ಗ್ಯಾಂಗ್ ಮೇಸ್ತ್ರಿ ಇದ್ದರು. ಹಳಿ ಕೆಳಗಿನ ಜಲ್ಲಿ ಸಡಿಲವಾಗದಂಗೆ ಆಳುಗಳ ಕೈಲಿ ಬಿಗಿ ಮಾಡಿಸೋದು, ಹಳಿ ಸೊಟ್ಟಗಾದರೆ ನೆಟ್ಟಗೆ ಮಾಡಿಸೋದು ಅವರ ಕೆಲಸ. ಅವರಿಗೊಬ್ಬ ಮಗಳು. ಮದುವೆ ಅಂತ ಆದರೆ ಆ ಹುಡುಗಿಯನ್ನೇ, ಇಲ್ಲಾಂದರೆ ಮದುವೆಯೇ ಬೇಡ ಅಂತ ನಾನು ಮನೆಯಲ್ಲಿ ಹೇಳಿಬಿಟ್ಟಿದ್ದೆ.

ಮೇಸ್ತ್ರಿಯದು ಒಂದೇ ಹಟ. "ಹೊಲ ಇರೋನು ಮೋಡ ನೋಡ್ತಾನೆ, ಅಂಗಡಿ ಇರೋನು ಗಿರಾಕಿ ಮುಖ ನೋಡ್ತಾನೆ. ರೈಲ್ವೆಯೋನು ಮಾತ್ರ ಗಡಿಯಾರ ನೋಡ್ತಾನೆ. ನನ್ನ ಮಗಳನ್ನ ಕೊಡೋದು ರೈಲ್ವೆಯವನಿಗೇ."

ನನ್ನ ಸೋದರಮಾವ ಮಾತು ಆಡೋಕೆ ಹೋದರು. ಅವರು ಸುಳ್ಳು ಹೇಳುವವರಲ್ಲ. ಬೇರೆಯವರು ಸುಳ್ಳಿನಿಂದ ಮಾಡೋ ಕೆಲಸವನ್ನ ಅವರು ಸತ್ಯದಿಂದಲೇ ಮಾಡಿ ಮುಗಿಸ್ತಿದ್ದರು.

"ಹುಡುಗ ಎಲ್ಲಿದ್ದಾನೆ?" ಅಂತ ಮೇಸ್ತ್ರಿ ಕೇಳಿದರಂತೆ.

"ಗೂಡ್ಸ್ ಯಾರ್ಡ್‌ನಲ್ಲಿ."

"ಯಾರ ಕೈ ಕೆಳಗೆ?"

"ಲೋಕೋ ಫೋರ್ಮನ್ ಕೈ ಕೆಳಗೆ."

"ಪರ್ಮನೆಂಟಾ?"

"ಆ ಯಾರ್ಡು ಇರೋತನಕ ಇವನನ್ನ ಬಿಟ್ಟರೆ ಇನ್ನೊಬ್ಬನಿಲ್ಲ."

"ದಿನಕ್ಕೆ ಗಾಡಿ ಎಷ್ಟು ಓಡ್ತವೆ?"

"ಅದು ಫೋರ್ಮನ್ ಇಷ್ಟ. ಒಂದೊಂದು ದಿನ ಬೆಳಗಿಂದ ಸಂಜೆವರೆಗೂ ನಿಲ್ಲೋದೇ ಇಲ್ಲ."

ಮೇಸ್ತ್ರಿ ತಲೆದೂಗಿದರಂತೆ. "ಆಷಾಢ ಕಳೀಲಿ. ಬಂದು ಯಾರ್ಡು ನೋಡ್ತೀನಿ. ನೋಡಿ ಒಪ್ಪಿದ್ರೆ ಅಲ್ಲೇ ಎಲೆ ಅಡಿಕೆ ತಗೊಂಡು ಬರ್ತೀನಿ," ಅಂದರಂತೆ.

ಮಾವ ಬಂದು ಇಷ್ಟನ್ನೂ ನನಗೆ ಒಪ್ಪಿಸಿದರು. ಹಗಲೆಲ್ಲ ಹಳಿ ಮೇಲೆ ಕಣ್ಣಿಟ್ಟು ಬದುಕೋ ಮನುಷ್ಯ ಬಂದು ನೋಡಿದರೂ ಕೊರತೆ ಕಾಣದಂಥ ಯಾರ್ಡು ಆಗಬೇಕು. ಆಗದಿದ್ದರೆ ಹುಡುಗಿ ಇಲ್ಲ. "ಏನ್ ಮಾವ ಇದು, ಹಿಂಗ್ ಸಿಕ್ಕಿಸಿಬಿಟ್ಟೆ," ಅಂದೆ.

"ನಾನು ಒಂದು ಸುಳ್ಳು ಹೇಳಿದ್ರೆ ಕೇಳು. ಅವರು ಎಲ್ಲಾ ವಿಚಾರಿಸಿದ್ರು ಕಣೋ. ಯಾರ್ಡು ಎಷ್ಟು ಉದ್ದ ಅಂತ ಒಂದು ಕೇಳಲಿಲ್ಲ."

ಮುದ್ದೆಗೆ ಬಂದ ರುಚಿ

ನೆಲಕ್ಕೆ ಫೋರ್ಮನ್ನರು ಸ್ಟೇಷನ್ನಿನಲ್ಲಿ ಇಂಜಿನ್ನು ಕೆಡವಿದ ಬೂದಿಯನ್ನೇ ತರಿಸಿದರು. ಒಲೆ ಬೂದಿ ಬೆಳ್ಳಗೆ, ಇಂಜಿನ್ ಬೂದಿ ನೀಲಿಗಪ್ಪು, ಅದರ ಕಳೆಯೇ ಬೇರೆ ಅಂತ ಅವರ ಹಟ. ಗೋಣಿಚೀಲದಲ್ಲಿ ಹೊತ್ತು ತಂದೆ.

"ಇದನ್ನ ಜರಡಿ ಹಿಡಿಯಯ್ಯಾ. ಕಿಟ್ಟದ ಹರಳು ಹಳಿ ಪಕ್ಕಕ್ಕೆ. ರವೆಯಂಥದ್ದು ಜನ ನಡೆದಾಡೋ ದಾರಿಗೆ. ಹಿಟ್ಟಿನಂಥದ್ದು ಎಲ್ಲದರ ಮೇಲೆ ಊದೋಕೆ. ಪುಟ್ಟ ಗಾಡಿ ಪಕ್ಕ ದಪ್ಪ ಹರಳು ಹಾಕಿದ್ರೆ ಬಂಡೆ ಉರುಳಿ ಬಂದಂಗೆ ಕಾಣುತ್ತೆ."

ಹಿಟ್ಟಿನಂಥದ್ದಕ್ಕೆ ಹಿಟ್ಟಿನ ಜರಡಿಯೇ ಬೇಕಲ್ಲ. ಫೋರ್ಮನ್ನರ ಮನೆಯಾಕೆ, ನಾವೆಲ್ಲ ಅಮ್ಮಾವ್ರು ಅಂತಿದ್ದೆವು, ಹಿತ್ತಲಿಗೆ ಹೋದ ಹೊತ್ತು ನೋಡಿ ಅಡುಗೆಮನೆಯ ರಾಗಿಹಿಟ್ಟಿನ ಜರಡಿ ಎತ್ಕೊಂಡು ಬಂದೆ. ಕೆಲಸ ಮುಗಿಸಿ, ಕೊಡವಿ, ಇದ್ದ ಮೊಳೆಗೇ ನೇತುಹಾಕಿದೆ.

ಮಧ್ಯಾಹ್ನ ಊಟಕ್ಕೆ ಕೂತೆವು. ಮುದ್ದೆ, ಉಪ್ಸಾರು. ರಾಗಿಮುದ್ದೆ ದೇವರು ಮಾಡಿದ ಉಪಕಾರ, ಒಳಗೆ ಏನು ಸೇರಿದರೂ ಬಣ್ಣದಲ್ಲಿ ತೋರಿಸಿಕೊಳ್ಳಲ್ಲ. ಫೋರ್ಮನ್ನರು ಒಂದು ತುತ್ತು ಮುರಿದು, ಅದ್ದಿ, ನುಂಗಿದರು. ನುಂಗಿದವರು ಹಂಗೇ ಕೂತುಬಿಟ್ಟರು. ಕಣ್ಣಲ್ಲಿ ನೀರು.

"ಏನ್ರೀ, ಖಾರ ಆಯ್ತಾ?" ಅಂದರು ಅಮ್ಮಾವ್ರು.

"ಇಲ್ಲ ಕಣೆ. ಶೆಡ್ಡಿನಲ್ಲಿ ಇಂಜಿನ್ ಪಕ್ಕ ಕೂತು ಬುತ್ತಿ ಬಿಚ್ತಿದ್ದೆನಲ್ಲ, ಥೇಟ್ ಅದೇ ರುಚಿ. ರಿಟೈರಾದ ಮೇಲೆ ಇವತ್ತೇ ನೋಡು ಹೊಟ್ಟೆ ತುಂಬಿದ್ದು."

ನಾನು ಪಾಪಪ್ರಜ್ಞೆಯಿಂದ ಮಾರನೇ ದಿನವೇ ಸಂತೆಯಲ್ಲಿ ಬೇರೆ ಜರಡಿ ಕೊಂಡೆ. ಮುದ್ದೆ ಮೊದಲಿನಂಗಾಯಿತು. ಫೋರ್ಮನ್ನರು ಎರಡು ತುತ್ತು ನುಂಗಿ ತಟ್ಟೆ ಸರಿಸಿದರು. "ಯಾಕೋ ಇವತ್ತು ಸಪ್ಪೆ. ಮೊನ್ನೆ ಮಾಡಿದಂಗೆ ಮಾಡೋಕೆ ನಿನಗೇನು ಕಷ್ಟ?"

ಅಮ್ಮಾವ್ರು ಮುಖ ಬಾಡಿಸಿಕೊಂಡರು. ಗಂಡ ಹೆಂಡತಿ ನಡುವೆ ನಾನ್ಯಾಕೆ ಬಿರುಕು ತರಲಿ. ಅಲ್ಲಿಂದ ಮುಂದೆ ಆಗಾಗ, "ಜರಡಿ ಕೊಡಿ ಅಮ್ಮಾವ್ರೆ, ತೊಳ್ಕೊಡ್ತೀನಿ," ಅಂತ ನಾನೇ ಈಸ್ಕೊಳ್ತಿದ್ದೆ.

ಇರುವೆ ಗ್ಯಾಂಗು

ಬೂದಿ ಸುಮ್ಮನೆ ಹರಡಿದರೆ ಫ್ಯಾನ್ ಗಾಳಿಗೆ ಹಾರಿಹೋಗುತ್ತೆ. ಅಂಟಿಸಬೇಕು. ಎದುರು ಬೀದಿಯಲ್ಲಿ ನೇಕಾರರು ನೂಲಿಗೆ ಗಂಜಿ ಹಾಕ್ತಿದ್ದರು. ನೂಲನ್ನೇ ಹಿಡಿದು ನಿಲ್ಲಿಸೋ ಗಂಜಿ ಬೂದಿಯನ್ನ ಬಿಡುತ್ತಾ ಅಂತ ಒಂದು ಮಡಕೆ ಈಸ್ಕೊಂಡು ಬಂದು ಹಲಗೆಗೆಲ್ಲ ಬಳಿದೆ. ಬಳಿಯೋದರಲ್ಲಿ ನನ್ನನ್ನ ಮೀರಿಸಿದವರಿಲ್ಲವಲ್ಲ. ಅದರ ಮೇಲೆ ಬೂದಿ, ಗೂಡ್ಸ್ ಶೆಡ್ಡಿನ ಪಕ್ಕ ಕಲ್ಲಿದ್ದಲು ಪುಡಿಯ ರಾಶಿ. ನೋಡೋಕೆ ಸೊಗಸಾಗಿತ್ತು.

ಮಾರನೇ ಬೆಳಗ್ಗೆ ಬಂದರೆ ರಾಶಿ ಶೆಡ್ಡಿನ ಪಕ್ಕ ಇಲ್ಲ. ಆ ಕಡೆ, ನೀರಿನ ಕಂಬದ ಬುಡದಲ್ಲಿದೆ. ನಡುವೆ ಕೆಂಪಿರುವೆ ಸಾಲು. ಒಂದೊಂದರ ಬಾಯಲ್ಲೂ ಗಂಜಿ ಮೆತ್ತಿದ ಒಂದೊಂದು ಇದ್ದಲು ಚೂರು. ಫೋರ್ಮನ್ನರು ಬೆಳಕು ಹರಿದಾಗಿನಿಂದ ಗುಂಡಿಯಲ್ಲಿ ನಿಂತು, ಕೈ ಹಿಂದೆ ಕಟ್ಕೊಂಡು ನೋಡ್ತಿದ್ದಾರೆ.

"ಸ್ವಾಮಿ, ಪೊರಕೆ ತರ್ಲಾ?"

"ಸದ್ದು ಮಾಡ್ಬೇಡ. ನನ್ನ ಸರ್ವೀಸಿನಲ್ಲಿ ಇಂಥ ಆಳುಗಳು ಸಿಕ್ಕಿರಲಿಲ್ಲ ಕಣಯ್ಯ. ಒಬ್ಬ ಬೀಡಿ ಹಚ್ಚಲಿಲ್ಲ, ಒಬ್ಬ ರಜಾ ಕೇಳಲಿಲ್ಲ. ನಾನು ಕೂಗೋದೂ ಬೇಕಿಲ್ಲ."

ಆಮೇಲೆ ನಾನು ಗಂಜಿಗೆ ಬೇವಿನೆಣ್ಣೆ ಬೆರೆಸಿದೆ. ಇರುವೆ ಕಾಟ ನಿಂತಿತು, ಎಣ್ಣೆ ಕಲೆಯೂ ಪುಕ್ಕಟೆ ಬಂತು. ಆದರೆ ಅಷ್ಟರೊಳಗೆ ಆ ಇರುವೆಗಳು ಇದ್ದಲನ್ನ ಹೊತ್ತು ವ್ಯಾಗನ್ನಿಗೂ ಲೋಡ್ ಮಾಡಿದ್ದವು.

ಇಲ್ಲಿಗೆ ಬಂದಾಗ ಮೇಷ್ಟ್ರು ಬರೆಯೋದು ನಿಲ್ಲಿಸಿದರು. "ಇರುವೆ, ವ್ಯಾಗನ್ ಲೋಡ್ ಮಾಡಿದ್ವು?"

"ಎರಡು ವ್ಯಾಗನ್ ಮೇಷ್ಟ್ರೆ. ತುಂಬಾ."

ಅವರು ಪೆನ್ನಿಗೆ ಮುಚ್ಚಳ ಹಾಕಿದರು.

"ಹೋಗ್ಲಿ, ಒಂದು ಅಂತ ಬರ್ಕೊಳ್ಳಿ," ಅಂದೆ.

ಕೋಳಿ ಪಾಸು ಮಾಡಿತು

ಆಷಾಢ ಅರ್ಧ ಕಳೆಯಿತು. ನೆಲ ಮುಗಿಯಿತು ಅಂತ ನಾನು, ಏನೋ ಒಂದು ಕಮ್ಮಿ ಅಂತ ಅವರು. ಏನು ಕಮ್ಮಿ ಅಂದರೆ ಅವರಿಗೂ ಗೊತ್ತಿಲ್ಲ. "ದಿನಾ ನೋಡಿ ನೋಡಿ ನನ್ನ ಕಣ್ಣು ನಂಬ್ಕೆ ಕಳ್ಕೊಂಡಿದೆ. ಹೊಸಬರು ಯಾರಾದರೂ ಹೇಳ್ಬೇಕು," ಅಂದರು. ನನ್ನ ಕಣ್ಣ ಮುಂದೆ ಮೇಸ್ತ್ರಿಯ ಮುಖ ಕುಣಿಯುತ್ತಿತ್ತು.

ಆಗ ಪಕ್ಕದ ಮನೆ ಹೆಂಗಸಿನ ಹೇಂಟೆ ಒಳಗೆ ಬಂತು. ಹಲಗೆ ಮೇಲೆ ಹಾರಿತು. ಕತ್ತು ಓರೆ ಮಾಡಿ ಒಂದು ಕಣ್ಣಿನಲ್ಲಿ ಯಾರ್ಡನ್ನೆಲ್ಲ ನೋಡಿತು. ಆಮೇಲೆ ಎರಡೂ ಕಾಲು ಹಾಕಿ ಪರಪರ ಅಂತ ಕೆದಕಿತು ನೋಡಿ, ನನ್ನ ಬೂದಿಯೆಲ್ಲ ಗೂಡ್ಸ್ ಶೆಡ್ಡಿನ ಮೇಲೆ. ನಾನು ಕೋಲು ತಗೊಂಡು ಓಡಿದೆ.

"ಮುಟ್ಟಬೇಡ ಅದನ್ನ," ಅಂದರು ಫೋರ್ಮನ್ನರು. "ಕೋಳಿ ಎಲ್ಲಾದ್ರೂ ಗಾರೆ ನೆಲ ಕೆದಕುತ್ತೇನಯ್ಯಾ? ಮಣೆ ಕೆದಕುತ್ತಾ? ಇದು ನೆಲ ಅಂತ ನಂಬಿದ ಮೇಲೇ ಅದು ಕಾಲು ಹಾಕೋದು. ನಿನ್ನ ನೆಲ ಪಾಸಾಯ್ತು."

ಕೋಳಿಗೂ ಆ ಮಾತು ಕೇಳಿಸಿರಬೇಕು. ಕಲ್ಲಿದ್ದಲು ರಾಶಿಯಲ್ಲಿ ಗುಳಿ ಮಾಡ್ಕೊಂಡು ಕೂತು, ಒಂದು ಮೊಟ್ಟೆ ಇಟ್ಟೇ ಎದ್ದಿತು. ಕೂಗು ಕೇಳಿ ಒಡತಿ ಬಾಗಿಲಿಗೆ ಬಂದಳು.

"ಕೋಳಿ ನಂದು. ಮೊಟ್ಟೆ ಈ ಕಡೆ ಕೊಡಿ."

ಫೋರ್ಮನ್ನರಿಗೆ ಹಳೇ ಸರ್ವೀಸು ಮೈಮೇಲೆ ಬಂತು. "ರೈಲ್ವೆ ಜಾಗದಲ್ಲಿ ಸಿಕ್ಕಿದ ಮಾಲು ಗೂಡ್ಸ್ ಆಫೀಸಿಗೆ ಸೇರುತ್ತೆ ಕಣಮ್ಮ. ಕೈಗೆ ಕೊಡೋ ಪದ್ಧತಿ ಇಲ್ಲ."

"ಹಂಗಾದ್ರೆ ರೈಲಲ್ಲೇ ಕಳ್ಸಿ. ನಾನು ಇಲ್ಲೇ ನಿಂತಿರ್ತೀನಿ."

ಅವರು ವ್ಯಾಗನ್ನಿನಲ್ಲಿ ಹತ್ತಿ ಇಟ್ಟು, ಮೊಟ್ಟೆ ಕೂರಿಸಿ, ಕೀ ಕೊಟ್ಟು, ಬಾಯಲ್ಲೇ ಸೀಟಿ ಊದಿ ಗಾಡಿ ಬಿಟ್ಟರು. ಇಂಜಿನ್ನು ಏದುಸಿರು ಬಿಡುತ್ತಾ ಬಾಗಿಲ ಕಡೆಗೆ ಬಂತು. ಆಕೆ ಮೊಟ್ಟೆ ಎತ್ತಿ ಬೆಳಕಿಗೆ ಹಿಡಿದು ನೋಡಿ ಮಡಿಲಿಗೆ ಹಾಕ್ಕೊಂಡಳು.

"ಸಾರು ಕುದ್ದು ಹೋಗಿರುತ್ತೆ. ನಿಮ್ಮ ರೈಲು ಯಾವತ್ತು ತಾನೇ ಹೊತ್ತಿಗೆ ಸರಿಯಾಗಿ ಬಂದೈತೆ," ಅಂತ ಬೈದು ಹೋದಳು.

ಅಮ್ಮಾವ್ರು ಮಾಡಿದ ಉಪಕಾರ

ಮೇಸ್ತ್ರಿ ಬರೋ ದಿನ ಬಂತು. ಬೆಳಗಿನ ಪ್ಯಾಸೆಂಜರಿಗೆ ಬರ್ತಾರೆ ಅಂತ ಮಾವ ಸುದ್ದಿ ಕಳಿಸಿದ್ದರು. ನಾನು ಬೆಳ್ಳಿ ಮೂಡೋ ಹೊತ್ತಿಗೇ ಮಿಂದು, ಒಗೆದ ಪಂಚೆ ಉಟ್ಟು ಫೋರ್ಮನ್ನರ ಮನೆಗೆ ಹೋದೆ. ಮಗ್ಗದ ಕೋಣೆ ಬಾಗಿಲಲ್ಲಿ ಫೋರ್ಮನ್ನರು ತಲೆ ಮೇಲೆ ಕೈ ಹೊತ್ಕೊಂಡು ಕೂತಿದ್ದರು.

ಒಳಗೆ ನೋಡಿದೆ. ಬೂದಿ ಗುಡ್ಡೆ ಇಲ್ಲ. ಇದ್ದಲು ರಾಶಿ ಇಲ್ಲ. ಎಣ್ಣೆ ಕಲೆ ಇಲ್ಲ. ಇಡೀ ಯಾರ್ಡು ಗುಡಿಸಿ, ತೆಳ್ಳಗೆ ಸಗಣಿ ಸಾರಿಸಿದೆ. ಗೂಡ್ಸ್ ಶೆಡ್ಡಿನ ಮುಂದೆ ಉಗುರಿನಗಲದ ರಂಗೋಲಿ. ಇಂಜಿನ್ನಿನ ಹಣೆಗೆ ಅರಿಶಿನ ಕುಂಕುಮ.

ಅಮ್ಮಾವ್ರು ಪೊರಕೆ ಹಿಡಿದು ನಿಂತು ನಗ್ತಿದ್ದರು. "ಹೆಣ್ಣಿನ ಕಡೆಯವರು ಬರೋ ದಿನ ಇಷ್ಟು ಕಸ ಇಟ್ಕೊಂಡ್ರೆ ಏನಂದ್ಕೊಳ್ತಾರಪ್ಪಾ. ನೀವಿಬ್ಬರೂ ಗಂಡಸರು, ನಿಮಗೆಲ್ಲಿ ತಿಳಿಯುತ್ತೆ. ಎಣ್ಣೆ ಕಲೆ ಹೋಗೋಕೆ ಸೀಗೆಪುಡಿ ಹಾಕಿ ಉಜ್ಜಬೇಕಾಯ್ತು."

ಆಕೆಯ ಮುಖ ನೋಡಿ ನನಗೆ ಬೈಯೋಕೂ ಬಾಯಿ ಬರಲಿಲ್ಲ, ಅಳೋಕೂ ಹೊತ್ತಿರಲಿಲ್ಲ. ಹಿತ್ತಲಿಗೆ ಓಡಿ ನೀರೊಲೆಯಿಂದ ಬೂದಿ ಬಾಚಿ ತಂದು ಗುಡ್ಡೆ ಹಾಕಿದೆ. ದೀಪದ ಮಸಿ ಕೆರೆದು ತಂದೆ. ರಂಗೋಲಿ ಊದಿ ಹಾರಿಸಿದೆ. ಅಷ್ಟರಲ್ಲಿ ಬಿಸಿಲು ಕಿಟಕಿಯಿಂದ ಬಿದ್ದು ಸಗಣಿ ಮೇಲ್ಮೈ ಒಣಗೋಕೆ ಶುರುವಾಯಿತು. ಫೋರ್ಮನ್ನರು ಎದ್ದು ಬಂದರು. ಬಗ್ಗಿದರು. ಕನ್ನಡಕ ಒರೆಸಿಕೊಂಡು ಮತ್ತೆ ಬಗ್ಗಿದರು.

ಒಣಗಿದ ಸಗಣಿಯಲ್ಲಿ ಕೂದಲೆಳೆಯಂಥ ಬಿರುಕು. ನಡುನಡುವೆ ಹುಲ್ಲಿನ ಎಸಳು. ಕೂಲಿಗಳು ತುಳಿದೂ ತುಳಿದೂ ಗಟ್ಟಿಯಾದ ಮಣ್ಣಿನಂಗೇ ಇತ್ತು.

"ಏನೋ ಕಮ್ಮಿ ಅಂತಿದ್ದೆನಲ್ಲ," ಅಂದರು ಮೆಲ್ಲಗೆ. "ಇದೇ ಕಣಯ್ಯ."

ತಿಂಗಳುಗಟ್ಟಲೆ ಜರಡಿ ಹಿಡಿದವನು ನಾನು. ಹೆಸರು ಬಂದದ್ದು ಹಸುವಿಗೆ.

ವೀಳ್ಯ ಹೊತ್ತ ಗಾಡಿ

ಮೇಸ್ತ್ರಿ ಬಂದರು. ತಲೆಗೆ ರುಮಾಲು, ಕಪ್ಪು ಕೋಟು, ಕಂಕುಳಲ್ಲಿ ಕೊಡೆ. ಹಿಂದೆ ನನ್ನ ಮಾವ, ಎಂದೂ ಇಲ್ಲದಷ್ಟು ಗಂಭೀರವಾಗಿ.

"ಯಾರ್ಡು ಎಲ್ಲಪ್ಪಾ?" ಅಂದರು ಮೇಸ್ತ್ರಿ.

ಫೋರ್ಮನ್ನರು ಮಗ್ಗದ ಕೋಣೆಗೆ ಕರೆದುಕೊಂಡು ಹೋಗಿ ತೋರಿಸಿದರು. ಮೇಸ್ತ್ರಿ ನೋಡಿದರು. ನೋಡ್ತಾನೇ ನಿಂತರು. ನಾನು ಅವರ ಮುಖ ನೋಡ್ತಿದ್ದೆ. ಮಾವ ಮಾತ್ರ ಸೂರು ನೋಡ್ತಿದ್ದರು.

ನಮ್ಮ ಕಡೆ ಹೆಣ್ಣು ಕೊಡೋರು ಗಂಡಿನ ಮನೆ ನೋಡೋಕೆ ಬಂದರೆ ಮೊದಲು ಹೋಗೋದು ಹಿತ್ತಲಿಗೆ, ತಿಪ್ಪೆ ನೋಡೋಕೆ. ತಿಪ್ಪೆ ದೊಡ್ಡದಿದ್ದರೆ ಕೊಟ್ಟಿಗೆ ತುಂಬಾ ದನ ಇದೆ ಅಂತ ಲೆಕ್ಕ. ಮೇಸ್ತ್ರಿಯೂ ಅದನ್ನೇ ಮಾಡಿದರು. "ಬೂದಿ ಗುಡ್ಡೆ ಎಲ್ಲಿ? ಗುಡ್ಡೆ ನೋಡಿದ್ರೆ ಎಷ್ಟು ಇಂಜಿನ್ ನಿಲ್ತವೆ ಗೊತ್ತಾಗುತ್ತೆ."

ತೋರಿಸಿದೆ. ಒಂದು ಚಿಟಿಕೆ ತೆಗೆದು ಮೂಸಿದರು.

"ಇದು ನೀರೊಲೆ ಬೂದಿ. ತೆಂಗಿನ ಗರಿ ಉರಿಸಿದ್ದು."

ನನ್ನ ಮದುವೆ ಅಲ್ಲಿಗೆ ಮುಗಿಯಿತು ಅಂದ್ಕೊಂಡೆ. ಆದರೆ ಅವರು ಕೊಡೆಯನ್ನ ಮಾವನ ಕೈಗೆ ಕೊಟ್ಟರು. ರುಮಾಲು ತೆಗೆದಿಟ್ಟರು. ಮಂಡಿಯೂರಿ, ಕೆನ್ನೆಯನ್ನ ಹಲಗೆಗೆ ಒತ್ತಿ, ಒಂದು ಕಣ್ಣು ಮುಚ್ಚಿ ಹಳಿಯ ಉದ್ದಕ್ಕೂ ನೋಡಿದರು. ಲೈನಿನ ಮೇಲೆ ದಿನಾ ನೋಡೋದೇ ಹಂಗೆ.

"ಈ ತಿರುವಿನಲ್ಲಿ ಜಲ್ಲಿ ಸಡಿಲ," ಅಂದರು. ಸಡಿಲವಾಗದೆ ಏನು, ಅಮ್ಮಾವ್ರ ಪೊರಕೆ ಆಡಿತ್ತಲ್ಲ. ಮೇಸ್ತ್ರಿ ತಲೆ ಎತ್ತದೆ ಕೈ ಮಾತ್ರ ಹಿಂದಕ್ಕೆ ಚಾಚಿದರು, ಆಳು ಹಾರೆ ತಂದು ಕೈಗಿಡ್ತಾನೆ ಅನ್ನೋಂಗೆ. ನಾವು ಒಬ್ಬರ ಮುಖ ಒಬ್ಬರು ನೋಡ್ಕೊಂಡೆವು. ಅಮ್ಮಾವ್ರು ತುರುಬಿನಿಂದ ಒಂದು ಪಿನ್ನು ಎಳೆದು ಆ ಕೈಗೆ ಇಟ್ಟರು.

ಅಲ್ಲಿಂದ ಶುರುವಾಯಿತು. ಹಳಿ ಹೊತ್ತ ಒಂದೊಂದು ಅಡ್ಡಪಟ್ಟಿಯ ಕೆಳಗೂ ಪಿನ್ನಿನಲ್ಲಿ ಜಲ್ಲಿ ತುಂಬಿ ಬಿಗಿ ಮಾಡ್ತಾ ಹೋದರು. ಕಾಫಿ ಬಂತು, ಆರಿತು, ಕೆನೆ ಕಟ್ಟಿತು. ಫೋರ್ಮನ್ನರು ಗುಂಡಿಗಿಳಿದು ಆ ಕಡೆಯಿಂದ ಬೆರಳು ತೋರಿಸ್ತಾ ನಿಂತರು. ಸರ್ವೀಸಿನಲ್ಲಿ ಫೋರ್ಮನ್ನೂ ಗ್ಯಾಂಗ್ ಮೇಸ್ತ್ರಿಯೂ ಒಂದೇ ಮಟ್ಟದಲ್ಲಿ ನಿಂತು ಮಾತಾಡಿದ್ದುಂಟೇ. ಇಲ್ಲಿ ಒಬ್ಬರು ಗುಂಡಿಯಲ್ಲಿ, ಒಬ್ಬರು ಮಂಡಿಯಲ್ಲಿ, ಮುಖಕ್ಕೆ ಮುಖ ಸರಿಯಾಗಿತ್ತು.

ಮಾವ ಕೆಮ್ಮಿದರು. "ಮೇಸ್ತ್ರಿಗಳೇ, ಹುಡುಗನ ವಿಚಾರ."

"ಇರಪ್ಪಾ. ಲೈನ್ ಬಿಚ್ಚಿಟ್ಟು ಸಂಸಾರದ ಮಾತು ಆಡೋಕಾಗಲ್ಲ."

ಕೊನೆಗೆ ತಿರುವು ಮುಗಿದಾಗ ಫೋರ್ಮನ್ನರಿಗೆ ಉತ್ಸಾಹ ಬಂತು. "ಮೇಸ್ತ್ರಿ, ನೀವು ಒಪ್ಪೋದಾದ್ರೆ ವೀಳ್ಯ ಗಾಡಿಯಲ್ಲೇ ಕಳಿಸೋಣ. ಗಂಡಿನ ಕಡೆಯಿಂದ ಹೆಣ್ಣಿನ ಕಡೆಗೆ." ಮೇಸ್ತ್ರಿ ಆ ಕಡೆ ಕೂತರು, ನಾವು ಈ ಕಡೆ. ಒಂದು ವ್ಯಾಗನ್ನಿನಲ್ಲಿ ಎಲೆ, ಒಂದರಲ್ಲಿ ಅಡಿಕೆ. ಗಾಡಿ ಹೊರಟಿತು. ಗೂಡ್ಸ್ ಶೆಡ್ಡು ದಾಟಿತು, ನೀರಿನ ಕಂಬ ದಾಟಿತು, ಮೇಸ್ತ್ರಿ ತಾವೇ ಬಿಗಿ ಮಾಡಿದ ತಿರುವಿಗೆ ಬಂತು. ಅಲ್ಲಿ ಸರಿಯಾಗಿ ಮಗುಚಿಕೊಂಡಿತು.

ಎಲೆ ನೆಲಕ್ಕೆ. ಅಡಿಕೆ ಬೂದಿ ಗುಡ್ಡೆಗೆ. ವೀಳ್ಯ ನೆಲಕ್ಕೆ ಬಿದ್ದದ್ದು ಒಂದು ಅಪಶಕುನ. ಅದಕ್ಕಿಂತ ದೊಡ್ಡದು, ತನ್ನ ಸೆಕ್ಷನ್ನಿನಲ್ಲಿ ಒಂದು ಚಕ್ರ ಹಳಿ ಬಿಟ್ಟು ಇಳಿದಿಲ್ಲ ಅಂತ ಊರೆಲ್ಲ ಹೇಳ್ಕೊಂಡು ತಿರುಗೋ ಮನುಷ್ಯನ ಕೈಕೆಲಸದ ಮೇಲೇ ಗಾಡಿ ಬಿದ್ದಿತ್ತು. ಮೇಸ್ತ್ರಿಯ ಮುಖ ಇಂಜಿನ್ ಬೂದಿ ಬಣ್ಣಕ್ಕೆ ತಿರುಗಿತು.

"ಯಾಕೆ ಬಿತ್ತು?" ಅಂದರು. ಎಲ್ಲರ ಕಣ್ಣೂ ಅವರ ಕೈಯಲ್ಲಿದ್ದ ಪಿನ್ನಿನ ಮೇಲೆ.

ನಾನು ಬಾಯಿ ಬಿಟ್ಟೆ. "ಜಲ್ಲಿ ಕೆಲಸ ಕಲ್ಲಿನಂಗಿದೆ ಮೇಸ್ತ್ರಿಗಳೇ. ನೆಲ ನಂದು. ಸಗಣಿ ಮೇಲೆ ಒಣಗಿದೆ, ಒಳಗೆ ಇನ್ನೂ ಹಸಿ. ಕುಸಿದುಬಿಡ್ತು."

ಅವರು ಪಿನ್ನನ್ನ ಅಮ್ಮಾವ್ರ ಕೈಗೆ ವಾಪಸು ಕೊಟ್ಟರು. "ಅದನ್ನೇ ನಾನೂ ಹೇಳೋಣ ಅಂತಿದ್ದೆ," ಅಂದರು. ಬೂದಿ ಗುಡ್ಡೆಯಿಂದ ಒಂದು ಅಡಿಕೆ ಎತ್ತಿ, ಉಫ್ ಅಂತ ಊದಿ, ಬಾಯಿಗೆ ಹಾಕ್ಕೊಂಡರು. ಅಡಿಕೆ ಬಾಯಿಗೆ ಬಿತ್ತು ಅಂದರೆ ಮಾತು ಆಯಿತು ಅಂತಲೇ ಅರ್ಥ.

ಹಿಂಗೆ ನನ್ನನ್ನ ಅಪ್ಪಟ ರೈಲ್ವೆಯವನು ಅಂತ ನಂಬಿ, ನನ್ನ ಸಮಯಪ್ರಜ್ಞೆಗೆ ಮೆಚ್ಚಿ, ಅವರು ಮಗಳನ್ನ ಧಾರೆ ಎರೆದರು ಅಂತ ಹೇಳಿ ನಾನು ಮುಗಿಸಿದೆ. ಮೇಷ್ಟ್ರು ಬರ್ಕೊಳ್ತಾ ಇದ್ದರು. ಅಷ್ಟರಲ್ಲಿ ಅವರೆಕಾಯಿ ಮೊರ ಹಿಡ್ಕೊಂಡು ನನ್ನ ಹೆಂಡತಿ ಜಗಲಿಗೆ ಬಂದು ಕೂತಳು.

"ಯಾರು ನಂಬಿದ್ದು?" ಅಂದಳು. "ನಮ್ಮ ಕ್ವಾರ್ಟರ್ಸ್ ಗೋಡೆಗೆ ಸುಣ್ಣ ಬಳಿದೋರು ಯಾರು? ಏಣಿ ಮೇಲಿಂದ ಬಗ್ಗಿ ಬಗ್ಗಿ ನನ್ನ ನೋಡಿ, ನಮ್ಮಪ್ಪನ ತಲೆ ಮೇಲೆ ಡಬ್ಬ ಬೀಳಿಸಿದೋರು ಯಾರು? ನಿಮ್ಮ ಸೋದರಮಾವ ಬಂದು ನಿಮ್ಮ ಹೆಸರು ಹೇಳಿದ ತಕ್ಷಣ ನಮ್ಮಪ್ಪನಿಗೆ ಗೊತ್ತಾಯ್ತು, ಆ ಸುಣ್ಣದೋನೇ ಅಂತ."

ಮೇಷ್ಟ್ರು ಪೆನ್ನು ಎತ್ತಿದರು. "ಗೊತ್ತಿದ್ದೂ ಬಂದ್ರಾ ತಾಯಿ?"

"ರೈಲು ನೋಡೋಕೆ ಬಂದ್ರು ಮೇಷ್ಟ್ರೆ. ಫೋರ್ಮನ್ ಮನೆಯಲ್ಲಿ ಸಣ್ಣ ರೈಲಿದೆ ಅಂತ ಲೈನಿನ ಮೇಲೆಲ್ಲ ಸುದ್ದಿ. ಆದ್ರೆ ಗ್ಯಾಂಗ್ ಮೇಸ್ತ್ರಿ ಸುಮ್ ಸುಮ್ನೆ ಹೋಗಿ ದೊಡ್ಡೋರ ಬಾಗ್ಲು ತಟ್ಟೋಕಾಗುತ್ತಾ? ಗಂಡು ನೋಡೋ ನೆಪ ಸಿಕ್ತು, ಹೋದ್ರು."

"ಸರಿ, ರೈಲು ನೋಡಿದ್ರು. ಮಗಳನ್ನ ಯಾಕೆ ಕೊಟ್ರು?"

ಅವಳು ಒಂದು ಕಾಯಿ ಸುಲಿದಳು. "ಒಂದು ತಿರುವು ಮಾತ್ರ ಬಿಗಿಯಾಗಿತ್ತು. ಇನ್ನೂ ಮೂರು ಕಡೆ ಜಲ್ಲಿ ಬಾಕಿ ಇತ್ತಂತೆ. ನೆಂಟಸ್ತಿಕೆ ಇಲ್ದೆ ಮತ್ತೆ ಹೆಂಗೆ ಹೋಗೋದು?"

ಮೇಷ್ಟ್ರು ನನ್ನ ಕಡೆ ತಿರುಗಿದರು.

"ಅದನ್ನೂ ಬರ್ಕೊಳ್ಳಿ ಮೇಷ್ಟ್ರೆ. ಅಷ್ಟೊಂದು ಕೆಲಸ ಬಾಕಿ ಉಳಿಸಿದ್ದು ಯಾರು? ನಾನೇ ತಾನೆ."